ಕೃತ್ತಿಕೆಯ ಪಕ್ಕದ ಬಳೆ

ಚಿನ್ನೂ, ಪುಟ್ಟೀ,

ನಮ್ಮ ನಡುಮನೆಯ ಗೋಡೆಯಲ್ಲಿ, ಅಜ್ಜನ ಫೋಟೊದ ಪಕ್ಕಕ್ಕೆ, ನಕ್ಷತ್ರಗಳ ಒಂದು ಚಿತ್ರ ಇದೆಯಲ್ಲ, ಅದರ ಬಲಗಡೆ ಕೆಳಮೂಲೆಯಲ್ಲಿ ಮಸುಕಾಗಿ ಬಳೆಯಂಥ ಒಂದು ಗುರುತು ಕಾಣುತ್ತದೆ. ಹೋದ ದಸರಾ ರಜೆಯಲ್ಲಿ ನೀವಿಬ್ಬರೂ ಸ್ಟೂಲು ಹತ್ತಿ ಅದನ್ನು ನೋಡಿ, "ಇದೇನಜ್ಜೀ, ಆಕಾಶದಲ್ಲಿ ಬಳೆ?" ಎಂದು ಕೇಳಿದಿರಿ. "ಪ್ರಿಂಟ್ ಹಾಕೋನು ಹಾಳ್ ಮಾಡ್ಬಿಟ್ಟ ಕಣ್ರೋ" ಎಂದು ಹೇಳಿ ನಾನು ಅಡುಗೆಮನೆಗೆ ಹೋದೆ. ಅದು ಸುಳ್ಳು. ಪ್ರಿಂಟು ಹಾಕಿದವನು ಏನೂ ಹಾಳು ಮಾಡಲಿಲ್ಲ. ನಿಮ್ಮ ಅಜ್ಜನೂ ಮಾಡಲಿಲ್ಲ. ಆ ಬಳೆ ಅಲ್ಲಿ ಉಳಿದದ್ದು ನನ್ನಿಂದ. ಹೇಗೆ ಎಂದು ಬರೆಯಲು ಕೂತಿದ್ದೇನೆ.

ನಾಲ್ಕು ಜನರ ಮುಂದೆ ಮಾತಾಡಲು ನನಗೆ ಯಾವತ್ತೂ ಬಂದಿಲ್ಲ. ಓದಿದ್ದು ಏಳನೆಯ ಕ್ಲಾಸು, ಮಾಗಡಿ ಕಡೆಯ ಹಳ್ಳಿಶಾಲೆಯಲ್ಲಿ. ಬರೆಯುವುದಾದರೆ ಯಾರೂ ಎದುರಿಗೆ ಇರುವುದಿಲ್ಲ, ಅಷ್ಟರ ಮಟ್ಟಿಗೆ ಇದು ಸುಲಭ.

ನಿಮ್ಮ ಅಜ್ಜ ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇದ್ದರು. ಟೂಲ್‌ರೂಮ್ ಅಂದರೆ ಬೇರೆ ಮಿಷನ್ನುಗಳಿಗೆ ಬೇಕಾದ ಅಚ್ಚು, ಹಿಡಿಕೆ, ಅಳತೆಯ ಸಾಮಾನುಗಳನ್ನು ಮಾಡುವ ಜಾಗ. ಕೂದಲಿನಷ್ಟು ತಪ್ಪಿದರೂ ಅಲ್ಲಿ ಅದು ತಪ್ಪೇ. ಸಂಜೆ ಅವರು ಬಾಗಲಗುಂಟೆಯ ಮನೆಗೆ ಬಂದರೆ ಬಟ್ಟೆಯಲ್ಲಿ ಕಟಿಂಗ್ ಆಯಿಲ್ ವಾಸನೆ, ಉಗುರಿನಲ್ಲಿ ಕಪ್ಪು. ಅನ್ನದ ಪಾತ್ರೆಯ ಮುಚ್ಚಳ ಓರೆಯಾಗಿದ್ದರೂ ಸರಿಮಾಡಿಯೇ ಊಟಕ್ಕೆ ಕೂರುವ ಮನುಷ್ಯ. "ಅವ್ರು ಕೈ ಇಟ್ಟಿದ್ದನ್ನ ಚೆಕ್ ಮಾಡೋ ಹಂಗೇ ಇಲ್ಲ ಅಕ್ಕ" ಎಂದು ಜೊತೆಯ ಕೆಲಸಗಾರರು ನನ್ನ ಮುಂದೆ ಹೇಳುತ್ತಿದ್ದರು. ಅವರಿಗೆ ಆಸ್ತಿ ಅಂತ ಇದ್ದದ್ದು ಆ ಹೆಸರೊಂದೇ. ಇದನ್ನು ನೆನಪಿಡಿ, ಮುಂದೆ ಬರುವುದೆಲ್ಲ ಇದರ ಸುತ್ತಲೇ.

ಪೀಣ್ಯಕ್ಕೆ ಮೆಟ್ರೊ ಬರುವ ಮುಂಚೆ, ರಸ್ತೆಯ ಮಧ್ಯೆ ಬರೀ ಕಂಬಗಳು ಎದ್ದು ನಿಂತಿದ್ದ ಕಾಲದಲ್ಲಿ, ಅವರು ಆಕಾಶ ನೋಡುವವರ ಒಂದು ಸಂಘಕ್ಕೆ ಸೇರಿದರು. ಹದಿನೈದಿಪ್ಪತ್ತು ಜನ. ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಕೂಡುತ್ತಿದ್ದರು, ಅಮಾವಾಸ್ಯೆಯ ಹತ್ತಿರದ ಶನಿವಾರಗಳಲ್ಲಿ ಆನೇಕಲ್ ದಾಟಿ ಒಂದು ರಾಗಿ ಹೊಲದ ಬಂಡೆಯ ಮೇಲೆ ಕ್ಯಾಮರಾ ಇಡುತ್ತಿದ್ದರು. ಸಂಘದ ಹಿರಿಯರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ.

ಉಳಿದವರ ಹತ್ತಿರ ಕ್ಯಾಮರಾವನ್ನು ನಕ್ಷತ್ರದ ಜೊತೆಗೇ ತಿರುಗಿಸುವ ಮೋಟರುಗಳಿದ್ದವು. ಭೂಮಿ ತಿರುಗುತ್ತಲ್ಲ, ಕ್ಯಾಮರಾ ಸುಮ್ಮನೆ ಇಟ್ಟರೆ ಚುಕ್ಕೆ ಚುಕ್ಕೆಯಾಗಿ ಬರದೆ ಗೀಟಾಗುತ್ತದೆ. ಅಜ್ಜ ಮೋಟರು ಕೊಳ್ಳಲಿಲ್ಲ. ಎರಡು ಅಲ್ಯೂಮಿನಿಯಂ ತಗಡುಗಳನ್ನು ಪುಸ್ತಕದ ಹಾಗೆ ಕೀಲಿನಿಂದ ಜೋಡಿಸಿ, ಕೆಳಗಿನಿಂದ ಒಂದು ಬೋಲ್ಟು ಕೊಟ್ಟರು. ಕೀಲನ್ನು ಧ್ರುವ ನಕ್ಷತ್ರದ ಕಡೆ ಗುರಿಯಿಟ್ಟು, ಬೋಲ್ಟನ್ನು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಮೇಲಿನ ತಗಡು ಆಕಾಶದ ವೇಗದಲ್ಲೇ ಏಳುತ್ತದೆ. ಅದರ ಮೇಲೆ ಕ್ಯಾಮರಾ. ಅದಕ್ಕೆ ಅವರು ಇಟ್ಟ ಹೆಸರು ಕದ. "ಈ ಶನಿವಾರ ಕದ ತೆಗೀಬೇಕು" ಅಂದರೆ ಆನೇಕಲ್ಲಿಗೆ ಹೋಗುತ್ತಾರೆ ಅಂತ ಅರ್ಥ. ನಾನು ಚಪಾತಿ ಕಟ್ಟಿಕೊಡುತ್ತಿದ್ದೆ. ಅಷ್ಟೇ ನನಗೂ ಆಕಾಶಕ್ಕೂ ಇದ್ದ ಸಂಬಂಧ.

ಅವರಿಗೆ ಬೇಕಾಗಿದ್ದದ್ದು ಕೃತ್ತಿಕೆ. ನಮ್ಮೂರಲ್ಲಿ ನಾವು ಅದನ್ನು ಕೋಳಿಮರಿ ಗುಂಪು ಅನ್ನುತ್ತಿದ್ದೆವು. ಬರಿಗಣ್ಣಿಗೆ ಆರು ಚುಕ್ಕೆ. ಆದರೆ ಆ ಚುಕ್ಕೆಗಳ ಸುತ್ತ ನೀಲಿ ಹೊಗೆಯ ಹಾಗೆ ಏನೋ ಇದೆ, ಅದು ಧೂಳು, ನಕ್ಷತ್ರದ ಬೆಳಕು ಬಿದ್ದು ಹೊಳೆಯುತ್ತದೆ, ಗಂಟೆಗಟ್ಟಲೆ ಫೋಟೊ ತೆಗೆದು ಒಂದರ ಮೇಲೊಂದು ಪೇರಿಸಿದರೆ ಮಾತ್ರ ಕಾಣುತ್ತದೆ ಎಂದು ಅಜ್ಜ ಊಟದ ಮುಂದೆ ಹೇಳುತ್ತಿದ್ದರು. ಎಂಟು ಗಂಟೆಯ ಫೋಟೊ ಬೇಕು, ಒಂದೊಂದೂ ಒಂದೊಂದು ನಿಮಿಷದ್ದು. ಆ ಚಳಿಗಾಲ ನಾಲ್ಕು ಗಂಟೆಗೆ ಸ್ವಲ್ಪ ಮೇಲೆ ಮಾಡಿದ್ದರು.

ಹೊಲದಿಂದ ಬಂದಾಗಲೆಲ್ಲ ಕ್ಯಾಮರಾ ಮತ್ತು ಲೆನ್ಸನ್ನು ಬಿಚ್ಚದೆ, ಸೇರುವ ಜಾಗಕ್ಕೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ, ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದರು. ಒಂದು ಸಲ ನಾನು ಡಬ್ಬಿ ಸರಿಸಹೋದಾಗ, "ಏ, ಅದನ್ನ ಮುಟ್ಬೇಡ ಕಣೆ. ಅದು ಹೆಂಗಿದ್ಯೋ ಹಂಗೇ ಇರ್ಬೇಕು" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಇರುತ್ತಿರಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ, ಶಿಫ್ಟಿಗೆ ಹೊರಡಲು ಬೂಟಿನ ದಾರ ಕಟ್ಟುತ್ತ ಕೂತವರು ಹಾಗೇ ಗೋಡೆಗೆ ಒರಗಿದರು. ಒಂದು ಕಾಲಿಗೆ ದಾರ ಕಟ್ಟಿಯಾಗಿತ್ತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಯುಗಾದಿ ಹೋಯಿತು, ಗೌರಿ ಗಣೇಶ ಹೋಯಿತು. ಆಮೇಲೆ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆ ದಿನ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಲೇತ್ ಮಿಷನ್ನಿಗೆಲ್ಲ ಬಾಳೆಕಂದು, ಲಾರಿ ಚಕ್ರದ ಕೆಳಗೆ ನಿಂಬೆಹಣ್ಣು, ಬೀದಿಯಲ್ಲೆಲ್ಲ ಒಡೆದ ಬೂದಗುಂಬಳ. "ಅಮ್ಮ, ಈ ವರ್ಷ ಏನೂ ಬೇಡ. ಜನ ಏನಂತಾರೆ" ಎಂದು ನಿಮ್ಮಮ್ಮ ಹಿಂದಿನ ದಿನವೇ ಹೇಳಿ ಹೋಗಿದ್ದಳು. ನಾನೂ ಹೂಂ ಎಂದಿದ್ದೆ.

ಆದರೆ ಮಧ್ಯಾಹ್ನ ಕಾರ್ಖಾನೆಯ ಕಡೆಯಿಂದ ಪಟಾಕಿ ಸದ್ದು ಬಂದಾಗ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅವರ ಮಿಷನ್ನಿಗೆ ಯಾರೋ ಕುಂಕುಮ ಇಟ್ಟಿರುತ್ತಾರೆ. ಮನೆಯಲ್ಲಿರುವ ಅವರ ಸಾಮಾನಿಗೆ ಯಾರಿದ್ದಾರೆ? ಮೂವತ್ತು ವರ್ಷ ಅನ್ನ ಕೊಟ್ಟ ಕೈಯ ಸಾಮಾನು ಪೂಜೆಯಿಲ್ಲದೆ ಇರಬಾರದು ಅನ್ನಿಸಿತು. ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ಅವರ ವರ್ನಿಯರ್, ಮೈಕ್ರೋಮೀಟರ್, ಸ್ಪ್ಯಾನರುಗಳನ್ನೆಲ್ಲ ಒರೆಸಿ ಚಾಪೆಯ ಮೇಲೆ ಜೋಡಿಸಿದೆ. ಕೊನೆಗೆ ಬೀರುವಿನ ಡಬ್ಬಿಯನ್ನೂ ಇಳಿಸಿದೆ. ಮುಟ್ಟಬೇಡ ಎಂದಿದ್ದು ನೆನಪಿತ್ತು. ಹಬ್ಬದ ದಿನ ಒರೆಸುವುದು ಮುಟ್ಟಿದ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಟೇಪು ಅಂಟಂಟಾಗಿತ್ತು, ಕಿತ್ತೆ. ಒರೆಸುವಾಗ ಏನೋ ಒತ್ತಿದೆನೋ ಏನೋ, ಲೆನ್ಸು ಟಕ್ಕೆಂದು ತಿರುಗಿ ಕೈಗೇ ಬಂತು. ಗಾಬರಿಯಾದೆ. ಒಳಗೆ ಇಣುಕಿದರೆ ಕನ್ನಡಕದ ಗಾಜಿನಂಥ ಒಂದು ಗಾಜನ್ನು ಸಿಕ್ಕಿಸಿದ್ದರು, ಅದರ ಮೇಲೆ ಒಂದು ಚೂರು ಧೂಳು ಕೂತಿತ್ತು. ಅಷ್ಟು ಚೊಕ್ಕ ಮನುಷ್ಯನ ಸಾಮಾನಿನಲ್ಲಿ ಧೂಳೇ ಎಂದುಕೊಂಡು ಉಫ್ ಎಂದು ಊದಿದೆ. ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ನೀಟಾಗಿ ಒರೆಸಿದೆ. ಲೆನ್ಸನ್ನು ಹೇಗೋ ಮತ್ತೆ ಕೂರಿಸಿ, ಅವರದೇ ಡಬ್ಬದಿಂದ ಹೊಸ ಕೆಂಪು ಟೇಪು ತೆಗೆದು ಅವರು ಸುತ್ತಿದ್ದ ಹಾಗೇ ಸುತ್ತಿದೆ. ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿದೆ. ಸಂಜೆ ನಿಮ್ಮಮ್ಮ ಬರುವ ಮುಂಚೆ ಎಲ್ಲ ಅಳಿಸಿಟ್ಟೆ. ಆ ದಿನ ಎಷ್ಟೋ ತಿಂಗಳ ಮೇಲೆ ನನಗೆ ಮನಸ್ಸು ಹಗುರವಾಗಿತ್ತು. ಅದನ್ನೂ ಬರೆಯಬೇಕು.

ಕಾರ್ತಿಕದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮೇಷ್ಟ್ರು ಮನೆಗೆ ಬಂದರು. ಜೊತೆಗೆ ಸಂಘದ ಒಬ್ಬ ಹುಡುಗಿ. ದಾಸರಹಳ್ಳಿಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಸ್ವಂತ ಕಾರು ಇತ್ತು. ಅಜ್ಜನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದದ್ದು ಅವಳೇ. ಕೃತ್ತಿಕೆಯ ಚಿತ್ರವನ್ನು ಅರ್ಧಕ್ಕೆ ಬಿಡಬಾರದು, ಸಂಘದವರು ಸೇರಿ ಮುಗಿಸುತ್ತೇವೆ, ಕ್ಯಾಮರಾ ಸ್ವಲ್ಪ ಕೊಡಿ ಎಂದು ಕೇಳಲು ಬಂದಿದ್ದರು. ನಾನು ಡಬ್ಬಿ ತಂದಿಟ್ಟೆ.

ಮೇಷ್ಟ್ರು ಟೇಪನ್ನು ನೋಡಿ ಖುಷಿಯಾದರು. "ನೋಡಮ್ಮ, ಎಂಥ ಶಿಸ್ತು. ಇದನ್ನ ಯಾಕೆ ಹಿಂಗೆ ಸುತ್ತಿದಾರೆ ಗೊತ್ತಾ?" ಎಂದು ವಿವರಿಸತೊಡಗಿದರು. ಒಳಗಿನ ಗಾಜಿನ ಮೇಲೆ ಒಂದು ಧೂಳಿನ ಕಣ ಇದ್ದರೂ ಅದರ ನೆರಳು ಎಲ್ಲ ಫೋಟೊಗಳಲ್ಲೂ ಬಳೆಯ ಹಾಗೆ ಬೀಳುತ್ತದಂತೆ. ಧೂಳನ್ನು ಒರೆಸಬಾರದು. ಒರೆಸುವ ಬದಲು, ಅದೇ ಧೂಳು ಇರುವ ಹಾಗೇ ಬರೀ ಬಿಳಿಯದೊಂದು ಫೋಟೊ ತೆಗೆಯಬೇಕು. ಅದರಲ್ಲಿ ಧೂಳಿನ ನೆರಳು ಮಾತ್ರ ಬರುತ್ತದೆ. ಆ ನೆರಳನ್ನು ಕಂಪ್ಯೂಟರು ಆಕಾಶದ ಫೋಟೊದಿಂದ ಕಳೆದುಬಿಡುತ್ತದೆ. ಇದಕ್ಕೆ ಅವರು ಫ್ಲ್ಯಾಟ್ ಅನ್ನುತ್ತಾರೆ. ಕಳೆಯುವುದಲ್ಲ, ಭಾಗಿಸುವುದು ಎಂದು ಆಮೇಲೆ ಎಷ್ಟೋ ಸಲ ಮೇಷ್ಟ್ರು ನನ್ನನ್ನು ತಿದ್ದಿದರು.

"ಫ್ಲ್ಯಾಟ್ ಕೊನೇಲಿ ತೆಗೀತೀನಿ, ಅಲ್ಲಿವರ್ಗೂ ಅಲ್ಲಾಡಿಸಲ್ಲ ಅಂದಿದ್ರು. ಧೂಳು ಅದೇ ಇರ್ಬೇಕಮ್ಮ. ಅದೇ ಮುಖ್ಯ" ಎಂದು ಹೇಳಿ ಮೇಷ್ಟ್ರು ನನ್ನ ಕಡೆ ತಿರುಗಿದರು. "ಇದನ್ನ ಯಾರೂ ಬಿಚ್ಚಿಲ್ಲ ತಾನೆ?"

ಬಿಚ್ಚಿದೆ ಎಂದರೆ ಯಾಕೆ ಎನ್ನುತ್ತಾರೆ. ಪೂಜೆಗೆ ಎಂದರೆ, ಸೂತಕದ ವರ್ಷದಲ್ಲಿ, ಗಂಡ ಸತ್ತವಳು, ಬಾಗಿಲು ಹಾಕಿಕೊಂಡು ಕುಂಕುಮ ಇಟ್ಟಳು ಎಂದು ಊರೆಲ್ಲ ಆಗುತ್ತದೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ಯೋಚಿಸಿದೆನೋ ಅಥವಾ ಆಮೇಲೆ ಹೊಂದಿಸಿಕೊಂಡೆನೋ ತಿಳಿಯದು. ಇಲ್ಲ ಎಂದು ತಲೆಯಾಡಿಸಿದೆ.

ಆ ಹುಡುಗಿ ಕ್ಯಾಮರಾದ ಬೆಲ್ಟು ಸಿಕ್ಕಿಸುವ ಸಂದಿಯನ್ನು ಉಗುರಿನಿಂದ ಕೆರೆದು, "ಇದೇನ್ ಸಾರ್ ಕೆಂಪು?" ಎಂದಳು.

"ತುಕ್ಕಿರ್ಬೇಕು ಬಿಡಮ್ಮ" ಎಂದರು ಮೇಷ್ಟ್ರು.

ಅಜ್ಜನ ಫೋಟೊಗಳಿಗೆ ಬೇಕಾದ ಫ್ಲ್ಯಾಟನ್ನು ಅವತ್ತೇ ಮಹಡಿಯ ಮೇಲೆ ತೆಗೆದರು. ಲೆನ್ಸಿನ ಬಾಯಿಗೆ ಬಿಳಿ ಬಟ್ಟೆ ಸುಕ್ಕಿಲ್ಲದ ಹಾಗೆ ಬಿಗಿದು, ಬೆಳಗಿನ ಆಕಾಶಕ್ಕೆ ಹಿಡಿಯಬೇಕು. ಬಟ್ಟೆ ಕೇಳಿದರು. ನಾನು ಅಜ್ಜನ ಒಂದು ಪಂಚೆ ತಂದು, ನಾನೇ ಎರಡು ಕೈಯಿಂದ ಎಳೆದು ಹಿಡಿದು ನಿಂತೆ. ಸುಳ್ಳು ಹೇಳಿದ ಮೇಲೆ ಅದಕ್ಕೆ ಅವರ ಪಂಚೆಯನ್ನೇ ಹೊದಿಸಿದ ಹಾಗಾಯಿತು.

"ಆಂಟಿ, ಶನಿವಾರ ನೀವೂ ಬನ್ನಿ. ಕದ ತಿರುಗ್ಸೋಕೆ ಒಬ್ರು ಬೇಕು, ನಮಗ್ಯಾರಿಗೂ ಅಷ್ಟು ತಾಳ್ಮೆ ಇಲ್ಲ" ಎಂದಳು ಹುಡುಗಿ ಹೊರಡುವಾಗ. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಒಳಗೆ ಹೋಗಿ ಬಿಡುತ್ತಿದ್ದೆ. ಆವತ್ತು ಹೂಂ ಎಂದೆ. ಮಿಕ್ಕ ನಾಲ್ಕು ಗಂಟೆಯನ್ನು ನಾನೇ ತುಂಬಿಕೊಟ್ಟರೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಆಗುತ್ತದೆ ಎಂದು ಎಣಿಸಿದ್ದೆ.

ತುಮಕೂರು ರಸ್ತೆಯಿಂದ ನೈಸ್ ರೋಡು ಹಿಡಿದು, ಎಲೆಕ್ಟ್ರಾನಿಕ್ ಸಿಟಿ ದಾಟಿ, ಆನೇಕಲ್ ದಾಟಿ ಹೋಗುತ್ತಿದ್ದೆವು. ಹೊಲದಲ್ಲಿ ಉತ್ತರಕ್ಕೆ ತಿರುಗಿದರೆ ಎಲೆಕ್ಟ್ರಾನಿಕ್ ಸಿಟಿಯ ಬೆಳಕು ಬೆಂಕಿ ಬಿದ್ದ ಹಾಗೆ. ಧ್ರುವ ನಕ್ಷತ್ರ ಇರುವುದು ಸರಿಯಾಗಿ ಅದರ ಮೇಲೆಯೇ, ಬಹಳ ತಗ್ಗಿನಲ್ಲಿ. ಅಜ್ಜ ಕೀಲಿನ ಪಕ್ಕ ಒಂದು ಹಿತ್ತಾಳೆ ಕೊಳವೆ ಕೂರಿಸಿದ್ದರು. ಅದರೊಳಗೆ ಕಣ್ಣಿಟ್ಟು ಆ ಮಂಕು ಚುಕ್ಕೆಯನ್ನು ಹುಡುಕುವುದು ನಾನು ಕಲಿತ ಮೊದಲ ಪಾಠ. ಎರಡನೆಯದು ಫೋಕಸ್. ಚುಕ್ಕೆಯನ್ನು ಪರದೆಯಲ್ಲಿ ದೊಡ್ಡದು ಮಾಡಿ, ಸಾಸಿವೆ ಕಾಳಿನಷ್ಟು ಸಣ್ಣದಾಗುವ ತನಕ ಲೆನ್ಸು ತಿರುಗಿಸಬೇಕು. ಇಬ್ಬನಿಗೆ ಲೆನ್ಸು ಮಬ್ಬಾಗುತ್ತಿತ್ತು. ಮಂಡಿನೋವಿಗೆ ಮಾಡುವ ಹಾಗೆ ಉಪ್ಪನ್ನು ಹುರಿದು ಗಂಟು ಕಟ್ಟಿ, ಫ್ಲಾಸ್ಕಿನ ಪಕ್ಕ ಬೆಚ್ಚಗಿಟ್ಟು ಒಯ್ದು ಲೆನ್ಸಿನ ಕತ್ತಿಗೆ ಸುತ್ತಿದೆ. ಅದು ಮಾತ್ರ ಯಾರೂ ಹೇಳಿಕೊಟ್ಟದ್ದಲ್ಲ.

ಕಷ್ಟವಾದದ್ದು ಬೋಲ್ಟು. ಹದಿನೈದು ಸೆಕೆಂಡಿಗೆ ಕಾಲು ಸುತ್ತು, ಬಿಟ್ಟೂ ಬಿಡದೆ. ಅಜ್ಜ ಗಡಿಯಾರ ನೋಡಿ ತಿರುಗಿಸುತ್ತಿದ್ದರಂತೆ. ನನಗೆ ಆ ಕತ್ತಲಲ್ಲಿ ಗಡಿಯಾರದ ಮುಳ್ಳು ಕಾಣಲಿಲ್ಲ, ಟಾರ್ಚು ಹಾಕಿದರೆ ಎಲ್ಲರೂ ಬೈಯುತ್ತಿದ್ದರು. ಮೊದಲ ದಿನದ ಫೋಟೊಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದುದ್ದ ಬಂದವು. ಎರಡನೆಯ ಸಲ, ನನಗೆ ತಿಳಿಯದ ಹಾಗೆ ಬಾಯಿಗೆ ಮಗ್ಗಿ ಬಂತು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಶಾಲೆಯಲ್ಲಿ ಸಾಲಾಗಿ ನಿಂತು ಹೇಳುತ್ತಿದ್ದ ರಾಗದಲ್ಲೇ ಹತ್ತರ ತನಕ ಹೇಳಿದರೆ ಹದಿನೈದು ಸೆಕೆಂಡು. ಹುಡುಗಿ ತನ್ನ ಫೋನಿನಲ್ಲಿ ಹಿಡಿದು ನೋಡಿದಳು, ಒಂದು ಸೆಕೆಂಡೂ ಆಚೀಚೆ ಇಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು, ನಾಲ್ಕು ಮಗ್ಗಿಗೆ ಒಂದು ಸುತ್ತು, ಒಂದು ಫೋಟೊ. ಚುಕ್ಕೆಗಳು ದುಂಡಗೆ ಬಂದವು.

"ಮಗಾ, ನೀನ್ ಸಾಲ ಮಾಡಿ ಮೋಟರ್ ತಗೊಂಡೆ. ಅಕ್ಕಂದ್ ನೋಡು, ಪೆಟ್ರೋಲೂ ಬೇಡ ಕರೆಂಟೂ ಬೇಡ" ಎಂದು ಒಬ್ಬರು ಇನ್ನೊಬ್ಬರನ್ನು ಆಡಿಕೊಂಡರು.

"ಅಕ್ಕ, ಹದಿನೇಳರ ಮಗ್ಗಿ ಹೇಳಿ ನೋಡೋಣ!"

ಹದಿನೇಳರದು ನಾನು ಹೇಳುತ್ತಿರಲಿಲ್ಲ. ಹದಿನೇಳೆಂಟ್ಲ ಎಂಬಲ್ಲಿ ಚಿಕ್ಕಂದಿನಿಂದಲೂ ನಿಲ್ಲುತ್ತೇನೆ. ಒಂದೇ ಒಂದು ಸಲ ಹೇಳಿ ನೋಡಿದ್ದೆ. ಆ ಫೋಟೊದಲ್ಲಿ ಪ್ರತಿ ನಕ್ಷತ್ರಕ್ಕೂ ಒಂದು ಬಾಲ. ನಾನು ಎಲ್ಲಿ ತಡವರಿಸಿದೆ ಎಂದು ಆಕಾಶವೇ ಬರೆದುಕೊಂಡಿತ್ತು.

ಅವರು ನಗುವಾಗ ನಾನೂ ನಗುತ್ತಿದ್ದೆ. ಕ್ಯಾಮರಾದ ಬಟನ್ನು ಅದುಮುವಾಗ ಮಾತ್ರ ಆ ಒರೆಸಿದ ಗಾಜು ನೆನಪಾಗುತ್ತಿತ್ತು.

ಆ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನದೂ ನಾಲ್ಕು ಗಂಟೆ ಆಯಿತು. ನನ್ನ ಫೋಟೊಗಳಿಗೆ ಬೇರೆ ಫ್ಲ್ಯಾಟ್, ಪ್ರತಿ ಸಲವೂ ಬೆಳಗಾಗುತ್ತಲೇ ಹೊಲದಲ್ಲೇ ಅದೇ ಪಂಚೆಯಿಂದ ತೆಗೆದದ್ದು. ಒಂದು ಭಾನುವಾರ ಶಾಲೆಯ ಕೋಣೆಯಲ್ಲಿ ಮೇಷ್ಟ್ರು ಎಲ್ಲವನ್ನೂ ಗೋಡೆಗೆ ಬೆಳಕು ಬಿಟ್ಟು ತೋರಿಸಿದರು. ನನ್ನ ನಾಲ್ಕು ಗಂಟೆ ಚೊಕ್ಕವಾಗಿತ್ತು. ಅಜ್ಜನ ನಾಲ್ಕು ಗಂಟೆಯಲ್ಲಿ ಕೃತ್ತಿಕೆಯ ಸುತ್ತ ನೀಲಿ ಹೊಗೆ ನನ್ನದಕ್ಕಿಂತ ಚೆನ್ನಾಗಿ ಎದ್ದಿತ್ತು. ಆದರೆ ಬಲಗಡೆ ಕೆಳಗೆ ಕಪ್ಪಾಗಿ ಒಂದು ಬಳೆ. ಮಹಡಿಯ ಮೇಲೆ ತೆಗೆದ ಫ್ಲ್ಯಾಟ್ ಅದನ್ನು ತೆಗೆಯಲಿಲ್ಲ. ಫ್ಲ್ಯಾಟ್‌ನಲ್ಲಿ ಆ ಧೂಳು ಇರಲೇ ಇಲ್ಲವಲ್ಲ. ಅದು ನನ್ನ ಸೆರಗಿನಲ್ಲಿ ಹೋಗಿತ್ತು.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ನಡುವೆ ಅವರೇ ಬಿಚ್ಚಿದಾರೆ. ಒರೆಸಿ ಮತ್ತೆ ಟೇಪ್ ಹಾಕಿದಾರೆ. ನಮಗೆ ಹೇಳಿಲ್ಲ ಅಷ್ಟೇ. ಎಂಥವರೂ ಎಡವ್ತಾರೆ" ಎಂದರು. ಕೋಪದಿಂದ ಅಲ್ಲ, ಬೇಸರದಿಂದ. ಆಮೇಲೆ ಎಲ್ಲರನ್ನೂ ಕೇಳಿದರು: "ಅವರ ಫೋಟೊ ಬಿಟ್ಬಿಡೋಣವಾ? ಅಮ್ಮನದು ಮಾತ್ರ ಇಟ್ಕೊಂಡ್ರೆ ಚಿತ್ರ ಕ್ಲೀನಾಗಿ ಬರುತ್ತೆ."

ಬಿಡೋಣ ಸಾರ್ ಎಂದರು ಒಬ್ಬಿಬ್ಬರು.

"ಸಾರ್, ಆ ಕಲೆ ಮೇಲೆ ಬಣ್ಣ ಎಳೆದು ಮುಚ್ಬಹುದಲ್ಲ?" ಎಂದಳು ಹುಡುಗಿ.

"ಮುಚ್ಚಬಹುದು. ಅದು ಸುಳ್ಳು ಹೇಳಿದ ಹಾಗೆ. ಈ ಸಂಘದಲ್ಲಿ ಅದು ಬೇಡ."

ನಾನು ಕೊನೆಯ ಬೆಂಚಿನಲ್ಲಿದ್ದೆ. ಎದ್ದು ನಿಂತೆ. ಅಷ್ಟು ಜನರ ನಡುವೆ ಎದ್ದು ನಿಂತದ್ದು ಜೀವಮಾನದಲ್ಲೇ ಅದೊಂದು ಸಲ. ಎಲ್ಲರೂ ತಿರುಗಿ ನೋಡಿದರು.

"ಅವರ್ದೂ ಇರ್ಲಿ ಸಾರ್" ಎಂದೆ.

"ಸೇರಿಸಿದ್ರೆ ಕಲೆ ಬರುತ್ತಮ್ಮ. ಅರ್ಧ ಮಾಸುತ್ತೆ, ಪೂರ್ತಿ ಹೋಗಲ್ಲ."

"ಬರ್ಲಿ ಸಾರ್."

ಅದರ ಮುಂದಿನ ಮಾತು ನಾಲಗೆಯ ತುದಿಯಲ್ಲಿತ್ತು. ಒರೆಸಿದ್ದು ನಾನು. ಎರಡೇ ಪದ. ಯಾರೋ ಮೆಲ್ಲಗೆ "ಪಾಪ, ಸೆಂಟಿಮೆಂಟು" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಆಯ್ತಮ್ಮ, ಹಂಗೇ ಮಾಡೋಣ, ಕೂತ್ಕೊಳ್ಳಿ" ಎಂದರು. ಕೂತೆ. ಹದಿನೇಳೆಂಟ್ಲ ಎಂಬಲ್ಲಿ ನಿಲ್ಲುವ ಹಾಗೆ ಅಲ್ಲಿಗೆ ನಿಂತುಹೋಯಿತು.

ಎರಡನ್ನೂ ಸೇರಿಸಿದ ಚಿತ್ರವೇ ನಮ್ಮ ಗೋಡೆಯ ಮೇಲಿರುವುದು. ಇನ್ನೊಂದು ಪ್ರತಿಯನ್ನು ಶಾಲೆಯ ಕೋಣೆಯಲ್ಲಿ ತೂಗುಹಾಕಿದರು. ಹೊಸಬರು ಸೇರಿದಾಗಲೆಲ್ಲ ಮೇಷ್ಟ್ರು ಅದರ ಮುಂದೆ ನಿಲ್ಲಿಸಿ ಫ್ಲ್ಯಾಟ್ ಪಾಠ ಮಾಡುತ್ತಿದ್ದರು. "ಇವರು ಟೂಲ್‌ರೂಮ್ ಮನುಷ್ಯ. ಕೂದಲಷ್ಟೂ ತಪ್ಪದವರು. ಅಂಥವರೇ ಒಂದು ಸಲ ಸೋಮಾರಿತನ ಮಾಡಿ, ಮಾಡಿದ್ದನ್ನ ಹೇಳದೆ ಬಿಟ್ರು. ಆದದ್ದೇನು? ಈ ಬಳೆ. ನೀವು ಹಂಗ್ ಮಾಡ್ಬೇಡಿ." ನಾನು ಅಲ್ಲೇ ಲೋಟಗಳಿಗೆ ಟೀ ಬಗ್ಗಿಸುತ್ತಿರುತ್ತಿದ್ದೆ. ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಒಂದೊಂದು ಸಲವೂ, ಬೂಟಿನ ದಾರ ಕಟ್ಟುತ್ತ ಕೂತ ಅವರು ತಲೆಯೆತ್ತಿ ನನ್ನನ್ನು ನೋಡಿದ ಹಾಗಾಗುತ್ತಿತ್ತು. ಒಂದು ಚೀಟಿ ಬರೆದು ಚೀಲದಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದೆ. ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಯಿತು. ಕೊಡಲಿಲ್ಲ.

ಆಮೇಲೆ ನನಗೆ ಹೋಗಲು ಮನಸ್ಸಾಗಲಿಲ್ಲ. ಮಂಡಿ ನೋವು ಎಂದು ಹೇಳಿದೆ. ಅದು ಅರ್ಧ ನಿಜ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಒಂದು ಸಂಜೆ ಹುಡುಗಿ ಬಂದು, ಒಂದೇ ಸಲ ಹೊಲ ನೋಡಿ ಬರೋಣ ಬನ್ನಿ ಆಂಟಿ ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದಳು. ಹೊಲ ಇರಲಿಲ್ಲ. ಸೈಟಿನ ಕಲ್ಲುಗಳು, ಟಾರು ರಸ್ತೆ, ಕಣ್ಣು ಕುಕ್ಕುವ ಬಿಳಿ ದೀಪದ ಕಂಬಗಳು. ಬಂಡೆಯನ್ನು ಸಿಡಿಸಿ ಕಾಂಪೌಂಡು ಕಟ್ಟಿದ್ದರು. ಕಾರಿನಿಂದ ಇಳಿಯಲೂ ಇಲ್ಲ, ತಿರುಗಿಸಿಕೊಂಡು ಬಂದೆವು. ಸಂಘವೂ ಆಗ ಸೇರುತ್ತಿರಲಿಲ್ಲ, ಫೋನಿನಲ್ಲಿ ಒಂದು ಗುಂಪು ಮಾತ್ರ ಉಳಿದಿತ್ತು. ನೈಸ್ ರೋಡಿನಲ್ಲಿ, ಅವಳು ಮುಂದೆ ನೋಡಿಕೊಂಡು ಓಡಿಸುತ್ತಿರುವಾಗ, ನಾನು ಎಲ್ಲವನ್ನೂ ಹೇಳಿದೆ. ಪೂಜೆ, ಕುಂಕುಮ, ಸೆರಗು, ಹೊಸ ಟೇಪು.

ಅವಳು ನಕ್ಕಳು. "ಅಯ್ಯೋ ಆಂಟಿ, ಇಷ್ಟೇನಾ? ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ರಾ? ಯಾರಿಗೂ ಅದು ನೆನಪೂ ಇಲ್ಲ ಬಿಡಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ನನಗೆ ಬಡಿದದ್ದೇ ಆ ಮಾತು. ನೆನಪಿಲ್ಲದವರ ಹತ್ತಿರ ತಪ್ಪನ್ನು ಹೇಗೆ ತಿದ್ದುವುದು?

"ಮೇಷ್ಟ್ರಿಗೆ ಹೇಳ್ಬೇಕಿತ್ತು ಕಣಮ್ಮ" ಎಂದೆ.

"ಮೇಷ್ಟ್ರಾ?" ಎಂದು ಅವಳು ನಗು ನಿಲ್ಲಿಸಿದಳು. "ಅವರಿಗೆ ಈಗ ಮರೆವು ಆಂಟಿ. ಫೋನ್ ಮಾಡಿದ್ರೆ ನೀನ್ಯಾರಮ್ಮ ಅಂತಾರೆ."

ಆದರೂ ಹೋದೆ. ಮಾರನೆಯ ವಾರ, ಒಬ್ಬಳೇ, ಬಸ್ಸಿನಲ್ಲಿ, ಮಧ್ಯಾಹ್ನ. ಅವರ ಸೊಸೆ ಬಾಗಿಲು ತೆಗೆದು ವರಾಂಡದಲ್ಲಿ ಕೂರಿಸಿದರು. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ, ಕಾಲ ಮೇಲೆ ಟವೆಲು ಹಾಸಿಕೊಂಡು ಕೂತಿದ್ದರು. ನಾನು ಯಾರೆಂದು ತಿಳಿಯಲಿಲ್ಲ, ಆದರೂ ಬನ್ನಿ ಬನ್ನಿ ಎಂದು ಕೈಮುಗಿದರು. ನಾಚಿಕೆ ಬಿಟ್ಟು, ಮೊದಲಿಂದ ಕೊನೆಯ ತನಕ, ನಿಧಾನವಾಗಿ ಹೇಳಿದೆ. "ಅವರು ಬಿಚ್ಚಿರ್ಲಿಲ್ಲ ಸಾರ್. ಒರೆಸಿದ್ದು ನಾನು. ಅವರು ಸೋಮಾರಿ ಅಲ್ಲ."

ಅವರು ಗಮನವಿಟ್ಟು ಕೇಳಿದರು. ಒಳ್ಳೆಯ ವಿದ್ಯಾರ್ಥಿಯ ಮಾತು ಕೇಳುವ ಹಾಗೆ ತಲೆದೂಗಿದರು. ಆಮೇಲೆ ಬೆರಳೆತ್ತಿ ಹೇಳಿದರು: "ಒರೆಸಬಾರದಮ್ಮ. ಧೂಳು ಅದೇ ಇರ್ಬೇಕು. ಅದೇ ಮುಖ್ಯ." ನನ್ನ ಕಡೆ ಬಾಗಿ ಕೇಳಿದರು, "ಯಾರ ಕ್ಯಾಮರಾ ಅದು?"

ನಾನು ಎದ್ದು ಬಂದೆ. ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ.

ಶಾಲೆಯ ಕೋಣೆಯಲ್ಲಿದ್ದ ಪ್ರತಿ ಈಗ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಅದನ್ನು ನೋಡಿ ಪಾಠ ಕೇಳಿದವರು ಎಲ್ಲೆಲ್ಲೋ ಇದ್ದಾರೆ, ತಮಗೆ ತಿಳಿದವರಿಗೆ ಅದೇ ಪಾಠ ಹೇಳುತ್ತಿರಬಹುದು. ಅವರನ್ನೆಲ್ಲ ಹುಡುಕಿಕೊಂಡು ಹೋಗಲು ನನ್ನಿಂದಾಗದು. ಅದಕ್ಕೇ ನಿಮಗೆ ಬರೆದದ್ದು. ನಿಮ್ಮ ಅಜ್ಜ ಆ ಕ್ಯಾಮರಾವನ್ನು ಹೇಗಿಡಬೇಕೋ ಹಾಗೇ ಇಟ್ಟಿದ್ದರು. ಅವರು ಟೇಪು ಬಿಚ್ಚಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ಆ ಬಳೆ ಅವರ ಗಾಜಿನ ಮೇಲೆ ಕೂತಿದ್ದ ಒಂದು ಚೂರು ಧೂಳಿನ ನೆರಳು. ಉಳಿದದ್ದು ನನ್ನ ಕೈಕೆಲಸ, ನನ್ನ ಮೌನ.

ಆ ಹರಿದ ಚೀಟಿ ಬಿಟ್ಟರೆ ಇದನ್ನು ಬೇರೆ ಎಲ್ಲೂ ಬರೆದಿಲ್ಲ. ಚಿತ್ರದ ಚೌಕಟ್ಟಿನ ಹಿಂದೆ ಪ್ಲೈವುಡ್ ಹಲಗೆಗೆ ನಾಲ್ಕು ಸಣ್ಣ ಮೊಳೆಗಳಿವೆ. ನೀವಿಬ್ಬರೂ ಓದಿದ ಮೇಲೆ ಅವನ್ನು ಎಬ್ಬಿಸಿ ಈ ಹಾಳೆಗಳನ್ನು ಚಿತ್ರದ ಬೆನ್ನಿಗೆ ಇಟ್ಟು ಮತ್ತೆ ಹೊಡೆಯುತ್ತೇನೆ. ಮನೆ ಬದಲಾದರೂ, ಗೋಡೆ ಬದಲಾದರೂ, ಚಿತ್ರದಿಂದ ಇವನ್ನು ಬೇರೆ ಮಾಡಬೇಡಿ. ಹಾಳೆ ಹಳದಿಯಾದರೆ ಆಗಲಿ. ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.